ಬೆಳ್ಳಕ್ಕಿ ಬೇಡ, ಗದ್ದೆ ಬರೆಯಿರಿ

(ಚಿಕ್ಕಮಗಳೂರಿನಲ್ಲಿ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಅಲ್ಲಿ ಗೋಡೆಗೆ ಒರಗಿಸಿ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಆ ಜಾಗಗಳಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ. ಹರಟೆ ಜಾಸ್ತಿಯಾದ ಕಡೆ ಕತ್ತರಿಸಿದ್ದೇನೆ.)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ನಿಲ್ಲಿಸಿ ಕೇಳಿದ. "ಸರ್, ಹಕ್ಕಿ ಬರೆಯೋವಾಗ ಎಲ್ಲಿಂದ ಶುರು ಮಾಡಬೇಕು? ಕಣ್ಣಿಂದಲಾ, ಕೊಕ್ಕಿಂದಲಾ?" ಆಮೇಲೆ ಹೇಳ್ತೀನಿ, ಕೂತ್ಕೋ ಅಂದೆ. ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಇನ್ನೂ ನನ್ನನ್ನೇ ನೋಡುತ್ತಿದ್ದಾನೆ. ನಾನೂ ಇಪ್ಪತ್ತು ವರ್ಷ ಕಣ್ಣಿಂದಲೇ ಶುರು ಮಾಡಿದವನು. ಈಗ ಹಾಗೆ ಮಾಡುವುದಿಲ್ಲ. ಯಾಕೆ ಬಿಟ್ಟೆ ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮ ಸೋದರಮಾವನ ವಿಷಯ ಹೇಳಬೇಕು. ನನಗೆ ಬ್ರಶ್ ಹಿಡಿಯಲು ಕಲಿಸಿದ್ದು ಅವರೇ. ಹಾಸನದ ಸುತ್ತಮುತ್ತ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಆಡುತ್ತಾರೆ, ನಿಮಗೆ ಗೊತ್ತಲ್ಲ. ಕುರುಕ್ಷೇತ್ರವೇ ಜಾಸ್ತಿ. ಆ ನಾಟಕಗಳಿಗೆ ಬಾಡಿಗೆ ಕೊಡುವ ಡ್ರಾಮಾ ಸೀನರಿ ಬರೆಯುತ್ತಿದ್ದರು ಮಾವ. ಅರಮನೆ ಸೀನು, ಬೀದಿ ಸೀನು, ಕಾಡು ಸೀನು. ಪುಡಿ ಬಣ್ಣಕ್ಕೆ ಕಾಯಿಸಿದ ಅಂಟು ಬೆರೆಸಿ, ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬರೆಯುವುದು. ಅಂಟಿನ ವಾಸನೆ ಊಟದ ತಟ್ಟೆವರೆಗೂ ಬರುತ್ತಿತ್ತು.

ಮಾವನದು ಒಂದೇ ಪಾಠ. "ಹಿಂದಿಂದ ಮುಂದಕ್ಕೆ ಬಾರೋ." ಮೊದಲು ಆಕಾಶ, ಆಮೇಲೆ ದೂರದ ಗುಡ್ಡ, ಆಮೇಲೆ ಹತ್ತಿರದ ಮರ, ಕೊನೆಗೆ ಮುಂದಿನ ಪೊದೆ. ದೂರದ ಗುಡ್ಡಕ್ಕೆ ನೀಲಿ ಮತ್ತು ಬಿಳಿ ಜಾಸ್ತಿ, ಹತ್ತಿರ ಬಂದ ಹಾಗೆಲ್ಲ ಹಸಿರು ಗಟ್ಟಿ. ಒಂದು ಸಲ ಕಾಡು ಸೀನಿನಲ್ಲಿ ನವಿಲು ಬರೆಯಲು ನನಗೆ ಬಿಟ್ಟರು. ಮೂರು ದಿನ ಕೂತು ಗರಿ ಗರಿ ಬರೆದೆ. ಮಾವ ಬಂದು ನೋಡಿ, "ನವಿಲು ಚೆನ್ನಾಗೈತೆ. ಕಾಡಲ್ಲಿಲ್ಲ ಅಷ್ಟೆ, ಕಾಡಿನ ಮೇಲೆ ಅಂಟಿಸ್ದಂಗೈತೆ" ಅಂದರು. ದೊಡ್ಡ ಬ್ರಶ್ಶಿನಲ್ಲಿ ಹಿಂದಿನ ಹಸಿರನ್ನೇ ತೆಳ್ಳಗೆ ಮಾಡಿ ನವಿಲಿನ ಕಾಲು, ಹೊಟ್ಟೆ ಮೇಲೆ ಎಳೆದುಬಿಟ್ಟರು. ನನಗೆ ಅಳು ಬಂತು. ರಾತ್ರಿ ನಾಟಕದಲ್ಲಿ ಗ್ಯಾಸ್ ಲೈಟಿನ ಬೆಳಕಿಗೆ ನೋಡಿದರೆ ನವಿಲು ನಿಜವಾಗಿ ಪೊದೆಯಿಂದ ಆಚೆ ಬರುತ್ತಿತ್ತು.

ಆ ಪಾಠ ಮರೆಯಲು ನನಗೆ ಇಪ್ಪತ್ತು ವರ್ಷ ಸಂಬಳ ಸಿಕ್ಕಿತು ಅಂದರೆ ತಪ್ಪಲ್ಲ.

ನಾಟಕ ಕಡಿಮೆಯಾದ ಮೇಲೆ ಅಂಗಡಿ ಬೋರ್ಡ್ ಬರೆದೆ. ತಗಡಿನ ಮೇಲೆ ಎನಾಮಲ್ ಬಣ್ಣ. ಫ್ಲೆಕ್ಸ್ ಬಂತು, ಅದೂ ಹೋಯಿತು. ಅಷ್ಟರಲ್ಲಿ ಹಕ್ಕಿ ಬರೆಯುವ ಕೆಲಸ ಸಿಗಲು ಶುರುವಾಗಿತ್ತು. ಪರಿಸರ ಶಿಬಿರಕ್ಕೆ ಪೋಸ್ಟರ್, ಹಕ್ಕಿ ಪಟ್ಟಿಗೆ ಚಿತ್ರ, ಎಸ್ಟೇಟ್ ಅತಿಥಿ ಮನೆಗಳ ಗೋಡೆಗೆ ಒಂದೊಂದು. ನಮ್ಮ ಕಡೆ ಹಕ್ಕಿ ಹುಚ್ಚು ಹತ್ತಿಸಿದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಅವರು ಕ್ಯಾಮೆರಾ ಹಿಡಿದು ಮರೆಯಲ್ಲಿ ಕೂರುತ್ತಿದ್ದರು. ನಾವು ಪೆನ್ಸಿಲ್ ಹಿಡಿದು ಕೂತೆವು.

ಆಗಿನ ನನ್ನ ಚಿತ್ರ ಒಂದು ಇಲ್ಲಿದೆ ನೋಡಿ. (ಬಿಳಿ ಹಾಳೆಯ ನಡುವೆ ಒಂದು ನೀಲಕಂಠ, ಕಾಲ ಕೆಳಗೆ ಗೇಣುದ್ದದ ಕೊಂಬೆ.) ತಪ್ಪೇನಿಲ್ಲ. ರೆಕ್ಕೆ ತುದಿಯ ದೊಡ್ಡ ಗರಿ ಹೆಚ್ಚಿನ ಹಕ್ಕಿಗಳಿಗೆ ಒಂದು ಕಡೆಗೆ ಒಂಬತ್ತೋ ಹತ್ತೋ ಇರುತ್ತವೆ, ಬಾಲಕ್ಕೆ ಸಾಮಾನ್ಯವಾಗಿ ಹನ್ನೆರಡು. ಎಣಿಸಿ ಬರೆದಿದ್ದೇನೆ. ಗುರುತು ಹಿಡಿಯಲು ಇಂಥ ಚಿತ್ರವೇ ಬೇಕು. ಫೋಟೋದಲ್ಲಿ ಒಂದು ಹಕ್ಕಿ, ಒಂದು ಕ್ಷಣ, ಒಂದು ಬಿಸಿಲು. ಚಿತ್ರದಲ್ಲಿ ಹತ್ತು ಹಕ್ಕಿ ನೋಡಿದ್ದನ್ನು ಸೇರಿಸಿ ಒಂದು ಹಕ್ಕಿ ಮಾಡಬಹುದು. ಆ ಕೆಲಸವನ್ನು ನಾನು ಕೀಳು ಅನ್ನುವುದಿಲ್ಲ. ಆದರೆ ಈ ಹಕ್ಕಿ ಎಲ್ಲಿ ಕೂತಿದೆ ಹೇಳಿ? ಅರಸೀಕೆರೆಯ ಕರೆಂಟ್ ತಂತಿ ಮೇಲಾ, ಗೋಡೆ ಮೇಲಾ? ಎಲ್ಲೂ ಇಲ್ಲ.

ಸುಮ್ನೆ ಒಂದು ದುಃಖ ಹೇಳಿಕೊಳ್ಳುತ್ತೇನೆ. ಇದೇ ನೀಲಕಂಠವನ್ನು ಒಬ್ಬರು ಕ್ಯಾಲೆಂಡರಿಗೆ ತಗೊಂಡರು. ಅಚ್ಚಾಗಿ ಬಂದಾಗ ನೀಲಿಯೆಲ್ಲ ಬದನೆಕಾಯಿ ಬಣ್ಣ. ಕೇಳಿದರೆ, "ಗೋಡೆ ಮೇಲೆ ಯಾರು ಅಷ್ಟು ನೋಡ್ತಾರೆ ಬಿಡಿ" ಅಂದರು. ಅರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಇನ್ನೊಬ್ಬರು ತಮ್ಮ ರೆಸಾರ್ಟಿಗೆ ಒಂದೇ ಚಿತ್ರದಲ್ಲಿ ಮಂಗಟ್ಟೆ (ಹಾರ್ನ್‌ಬಿಲ್), ನವಿಲು, ಜಲಪಾತ, ಸೂರ್ಯಾಸ್ತ ಬೇಕು ಅಂದರು. ಬರೆದುಕೊಟ್ಟೆ. ಮನೆ ನಡೆಯಬೇಕಲ್ಲ.

ಹಕ್ಕಿ ಬೇರೆ, ಜಾಗ ಬೇರೆ ಅನ್ನುವುದು ನನ್ನೊಬ್ಬನ ರೋಗವಲ್ಲ. ಹಳೆಯದು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಹೆಸರು ಕೇಳಿರುತ್ತೀರಿ. 1612ರಲ್ಲಿ ಗೋವಾದಿಂದ ಬಾದಶಹನಿಗೆ ಒಂದು ಟರ್ಕಿ ಕೋಳಿ ತಂದುಕೊಟ್ಟರು. ಯಾರೂ ಕಂಡಿರದ ಹಕ್ಕಿ. ಮನ್ಸೂರ್ ಅದನ್ನು ಬರೆದ. ಕುತ್ತಿಗೆಯ ಸುಕ್ಕು ಸುಕ್ಕು ಚರ್ಮ ಮುಟ್ಟಿದರೆ ಕೈಗೆ ಸಿಗುವ ಹಾಗಿದೆ. ಡೋಡೋ ಹಕ್ಕಿಯ ಅಪರೂಪದ ಬಣ್ಣದ ಚಿತ್ರವೊಂದು ಅವನದೇ ಅನ್ನುತ್ತಾರೆ. ಆ ಹಕ್ಕಿ ಈಗ ಲೋಕದಲ್ಲೇ ಇಲ್ಲ. ಆಮೇಲೆ ಕಂಪನಿ ಕಾಲ. 1777ರಿಂದ 1782ರವರೆಗೆ ಕಲ್ಕತ್ತೆಯಲ್ಲಿ ಮೇರಿ ಇಂಪೆ ಅನ್ನುವ ಹೆಂಗಸು, ಮುಖ್ಯ ನ್ಯಾಯಾಧೀಶರ ಹೆಂಡತಿ, ಮನೆಯಲ್ಲೇ ಹಕ್ಕಿ ಪ್ರಾಣಿ ಸಾಕಿ ಅವುಗಳ ಚಿತ್ರ ಬರೆಸಿದಳು. ಪಾಟ್ನಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್, ಈ ಮೂವರು ಸೇರಿ ಮುನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದರು. ಜೈನುದ್ದೀನನ ಗೆರೆ ನೋಡಿದರೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚು. ಆದರೆ ಅಲ್ಲೂ ಒಂದು ಕೊಂಬೆ, ನಾಲ್ಕು ಎಲೆ, ಒಂದು ಹುಳು, ಹಿಂದೆ ಬರೀ ಬಿಳಿ.

ಅಮೆರಿಕದ ಹಕ್ಕಿ ಚಿತ್ರಗಾರ ಆಡುಬಾನ್ ಕತೆ ಇನ್ನೂ ಮಜವಾಗಿದೆ. 1827ರಿಂದ 1838ರವರೆಗೆ 435 ಚಿತ್ರ ಅಚ್ಚು ಹಾಕಿಸಿದ, ಎಲ್ಲ ಹಕ್ಕಿಯ ನಿಜವಾದ ಅಳತೆಯಲ್ಲೇ. ಹಾಳೆ ಮೂರೂಕಾಲು ಅಡಿ ಎತ್ತರ. ಆದರೂ ರಾಜಹಂಸ (ಫ್ಲೆಮಿಂಗೊ) ಹಿಡಿಸಲಿಲ್ಲ, ಅದರ ಕುತ್ತಿಗೆ ಬಗ್ಗಿಸಿಬಿಟ್ಟ! ಹಕ್ಕಿಯನ್ನು ಹೊಡೆದು, ತಂತಿ ಚುಚ್ಚಿ, ಬೇಕಾದ ಭಂಗಿಗೆ ನಿಲ್ಲಿಸಿ ಬರೆಯುತ್ತಿದ್ದ. ಹಿಂದಿನ ಗಿಡಗಳನ್ನು ಎಷ್ಟೋ ಚಿತ್ರದಲ್ಲಿ ಜೋಸೆಫ್ ಮೇಸನ್ ಅನ್ನುವ ಹುಡುಗ ಬರೆದ. ಕೆಲವು ಚಿತ್ರಗಳ ಹೊಳೆ, ಬೆಟ್ಟ ಜಾರ್ಜ್ ಲೇಮನ್ ಕೈಯದು. ಹಕ್ಕಿಗೆ ಒಬ್ಬ, ಜಾಗಕ್ಕೆ ಇನ್ನೊಬ್ಬ. ಹೆಸರು ಮಾತ್ರ ಹಕ್ಕಿಯವನದು. ನಮ್ಮ ಮಾವ ಇದ್ದಿದ್ದರೆ ಲೇಮನ್‌ಗೆ ಅರ್ಧ ಕೂಲಿ ಜಾಸ್ತಿ ಕೊಡಿ ಅನ್ನುತ್ತಿದ್ದರು.

ದೂರ ಯಾಕೆ, ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಗಳಲ್ಲಿ ಕೆಳಗೆ ಆನೆ, ಮೇಲೆ ಮೇಲೆ ಹೋದ ಹಾಗೆ ಮಕರ, ಅದರ ಮೇಲೆ ಹಂಸದ ಸಾಲು. ಆ ಹಂಸದ ಬಾಲವನ್ನು ಹತ್ತಿರದಿಂದ ನೋಡಿದ್ದೀರಾ? ಅದು ಗರಿ ಅಲ್ಲ, ಬಳ್ಳಿ. ಸುರುಳಿ ಸುತ್ತಿಕೊಂಡು ಹಿಂದಿನ ಜಾಗವನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಬಳಪದ ಕಲ್ಲಿನಲ್ಲಿ ಕೆತ್ತಿದವನಿಗೆ ಹಕ್ಕಿ ಮತ್ತು ಹಿನ್ನೆಲೆ ಅಂತ ಎರಡು ಇರಲಿಲ್ಲ. ಬೇಲೂರು ಗುಡಿಯ ಶಿಲಾಬಾಲಿಕೆ ಶುಕಭಾಷಿಣಿಯ ಕೈಯ ಗಿಳಿಯೂ ಹಾಗೇ. ಅವಳ ಕೈ ತೆಗೆದರೆ ಗಿಳಿಗೆ ಕೂರಲು ಜಾಗವಿಲ್ಲ, ಗಿಳಿ ತೆಗೆದರೆ ಅವಳ ಕತ್ತು ಹಾಗೆ ಬಾಗಿದ್ದಕ್ಕೆ ಕಾರಣವಿಲ್ಲ. ಇದನ್ನು ಶಾಲೆಯಿಂದ ಟೂರ್ ಹೋದಾಗಲೇ ನೋಡಿದ್ದೆ. ನೋಡಿಯೂ ಕಾಣಲಿಲ್ಲ.

ನನಗೆ ಕಂಡಿದ್ದು ಬಿಸಿಲೆ ಘಾಟಿಯ ಕಡೆ, ಒಂದು ಜೂನ್ ತಿಂಗಳಲ್ಲಿ. ನಸುಕಿನಲ್ಲಿ ಮನುಷ್ಯರ ಹಾಗೆ ಶಿಳ್ಳೆ ಹಾಕುವ ನೀಲಿ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಶ್, ಗೊತ್ತಲ್ಲ, ಮಲೆನಾಡಿನವರಿಗೆ ಹೇಳಬೇಕಿಲ್ಲ. ರಾಗ ಹಿಡಿಯುತ್ತದೆ, ಅರ್ಧಕ್ಕೆ ಬಿಡುತ್ತದೆ, ಮತ್ತೆ ಎಲ್ಲಿಂದಲೋ ಶುರು ಮಾಡುತ್ತದೆ. ಅದನ್ನು ಅಷ್ಟು ಹೊತ್ತಿಗೆ ಎಂಟು ಹತ್ತು ಸಲ ಬರೆದಿದ್ದೆ. ಅಲ್ಟ್ರಾಮರೀನ್ ನೀಲಿ ಹಾಕಿ, ಹೊಳಪು ಕೊಟ್ಟು, ಒಳ್ಳೆ ಮದುವೆ ಸೀರೆ ಹಾಗೆ. ಅವತ್ತು ಹಳ್ಳದ ಪಕ್ಕ ಕೂತಿದ್ದೆ. ಕಾಲಿಗೆ ಇಂಬಳ (ಜಿಗಣೆ) ಹತ್ತಿತ್ತು, ಎದ್ದರೆ ಹಕ್ಕಿ ಹಾರುತ್ತದೆ ಅಂತ ಸುಮ್ಮನಿದ್ದೆ. ಎದುರಿನ ಬಂಡೆ ಮೇಲೆ ಅದು ಬಂದು ಕೂತಿತು. ಕಪ್ಪು. ನೀಲಿ ಎಲ್ಲಿ? ಒದ್ದೆ ಬಂಡೆಯೂ ಕಪ್ಪು, ಹಕ್ಕಿಯೂ ಕಪ್ಪು. ಇದ್ದಿಲಿನಿಂದ ಬರೆದರೂ ಆಗುತ್ತಿತ್ತು. ಹತ್ತು ನಿಮಿಷ ಹೀಗೇ. ಆಮೇಲೆ ಮೋಡ ಒಂದಿಷ್ಟು ಸರಿಯಿತು, ಮರದ ಸಂದಿಯಿಂದ ಬೆಳಕು ಬಿತ್ತು, ಹಕ್ಕಿ ಪಕ್ಕಕ್ಕೆ ತಿರುಗಿತು. ಹಣೆಯ ಮೇಲೆ ಒಂದು ಗೆರೆ, ಹೆಗಲ ಮೇಲೆ ಒಂದು ತೇಪೆ. ಬೆಂಕಿಪೊಟ್ಟಣ ಗೀರಿದ ಹಾಗೆ ನೀಲಿ ಹತ್ತಿ ಆರಿಹೋಯಿತು.

ಅದಕ್ಕೆ ಕಾರಣವಿದೆ. ಹಕ್ಕಿಯ ನೀಲಿ ಬಣ್ಣವೇ ಅಲ್ಲ. ಅಂದರೆ ನಮ್ಮ ಟ್ಯೂಬಿನಲ್ಲಿರುವ ಹಾಗೆ ಅರೆದು ಮಾಡಿದ ಬಣ್ಣವಲ್ಲ. ಗರಿಯ ಎಳೆಯೊಳಗೆ ಸ್ಪಂಜಿನ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಾಳಿಯ ಗೂಡುಗಳಿವೆ. ಬೆಳಕು ಅಲ್ಲಿ ತಾಗಿ ನೀಲಿ ಮಾತ್ರ ವಾಪಸ್ ಬರುತ್ತದೆ. ಉಳಿದದ್ದನ್ನು ಒಳಗಿನ ಕಪ್ಪು ನುಂಗುತ್ತದೆ. ಹೊಲದಲ್ಲಿ ನೀಲಕಂಠದ ಗರಿ ಬಿದ್ದಿದ್ದರೆ ಬಿಸಿಲಿಗೆ ಅಡ್ಡ ಹಿಡಿದು ನೋಡಿ, ನೋಡಿ ಅಲ್ಲೇ ಬಿಡಿ. ಬೆಳಕು ಹಿಂದಿನಿಂದ ಬಂದರೆ ನೀಲಿ ಮಾಯ, ಕಂದು ಗರಿ. ಕುಟ್ಟಿ ಪುಡಿ ಮಾಡಿದರೂ ನೀಲಿ ಪುಡಿ ಸಿಗುವುದಿಲ್ಲ. ಸೂರಕ್ಕಿಯ ಕತ್ತಿನ ಮಿನುಗು, ನವಿಲಿನ ಕಣ್ಣು, ಅವುಗಳ ಒಳಗಿನ ಕಟ್ಟಡ ಬೇರೆ, ಆದರೆ ಅವೂ ಬೆಳಕಿನ ಆಟವೇ.

ಇದು ಪುಸ್ತಕದಲ್ಲಿ ಓದಿದ್ದೆ. ಬ್ರಶ್ಶಿಗೆ ಇಳಿದಿರಲಿಲ್ಲ. ಹಕ್ಕಿಯ ಬಣ್ಣ ಹಕ್ಕಿಯಲ್ಲಿಲ್ಲ ಅಂದಮೇಲೆ ಬಿಳಿ ಹಾಳೆ ಮೇಲೆ ನೀಲಿ ಹಕ್ಕಿ ಬರೆದು ನಾನು ಮಾಡುತ್ತಿದ್ದದ್ದೇನು? ಆ ವಾರ ಮನೆಗೆ ಬಂದು ಹೊಸದಾಗಿ ಬರೆದೆ. ಮುಕ್ಕಾಲು ಹಾಳೆ ಒದ್ದೆ ಕಲ್ಲು, ಪಾಚಿ, ಮಳೆಯ ಬೂದು. ಹಕ್ಕಿಗೆ ಕಂದು ಮತ್ತು ಅಲ್ಟ್ರಾಮರೀನ್ ಕಲಸಿದ ಕಪ್ಪು. ಕೊನೆಗೆ ಕೋಬಾಲ್ಟ್ ನೀಲಿ ಎರಡೇ ಎಳೆತ. (ಇದನ್ನು ತೋರಿಸಿದಾಗ ಹಿಂದಿನ ಸಾಲಿನಿಂದ ಒಬ್ಬಳು "ಹಕ್ಕಿ ಕಾಣ್ತಾ ಇಲ್ಲ ಸರ್" ಅಂದಳು. ಎರಡು ನಿಮಿಷ ಬಿಟ್ಟು "ಓ" ಅಂದಳು.) ಆ ಚಿತ್ರ ಮಾರಾಟವಾಗಲು ನಾಲ್ಕು ವರ್ಷ ಬೇಕಾಯಿತು.

ಈಗ ಲಕ್ಕವಳ್ಳಿಗೆ ಬನ್ನಿ. ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳು ತಲೆ ಎತ್ತುತ್ತವೆ. ನದಿ ರೀವಗಳು (ರಿವರ್ ಟರ್ನ್ ಹಕ್ಕಿ) ಅಲ್ಲಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ದೋಣಿಯಿಂದ ದೂರದಲ್ಲೇ ನೋಡಬೇಕು. ಹತ್ತಿರ ಹೋದರೆ ತಾಯಿ ಏಳುತ್ತದೆ, ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ಈ ಹಕ್ಕಿಗೆ ತಲೆಗೆ ಕಪ್ಪು ಟೋಪಿ, ಬೆನ್ನು ಬೂದು, ಹೊಟ್ಟೆ ಬಿಳಿ, ಹಳದಿ ಕೊಕ್ಕು, ಕೆಂಪು ಕಾಲು, ಸೀಳು ಬಾಲ. ಬರೆಯಲು ಸುಲಭ ಅನ್ನಿಸುತ್ತದೆ, ಅಲ್ವಾ? ನನ್ನನ್ನು ಇಷ್ಟು ಸತಾಯಿಸಿದ ಹಕ್ಕಿ ಇನ್ನೊಂದಿಲ್ಲ.

ಕಾರಣವನ್ನು 1896ರಲ್ಲೇ ಒಬ್ಬ ಚಿತ್ರಗಾರ ಹೇಳಿದ್ದ. ವಿಜ್ಞಾನಿಯಲ್ಲ, ಚಿತ್ರಗಾರ. ಅಮೆರಿಕದ ಅಬಟ್ ಥೇಯರ್. ನಾವು ಒಂದು ಚೆಂಡು ಬರೆದರೆ ಏನು ಮಾಡುತ್ತೇವೆ? ಬೆಳಕು ಮೇಲಿಂದ, ಹಾಗಾಗಿ ಮೇಲ್ಭಾಗ ತಿಳಿ, ಕೆಳಭಾಗ ಗಾಢ. ಆಗ ಉರುಟು ಕಾಣುತ್ತದೆ. ಪ್ರಾಣಿ ಹಕ್ಕಿಗಳ ಮೈಬಣ್ಣ ನೋಡಿ, ಇದಕ್ಕೆ ಪೂರ್ತಿ ತಿರುಗಾಮುರುಗಾ. ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿನ ಬಿಸಿಲು ಗಾಢ ಬೆನ್ನನ್ನು ತಿಳಿ ಮಾಡುತ್ತದೆ, ನೆರಳು ತಿಳಿ ಹೊಟ್ಟೆಯನ್ನು ಗಾಢ ಮಾಡುತ್ತದೆ. ಎರಡೂ ಸರಿಹೋಗಿ ಹಕ್ಕಿ ಚಪ್ಪಟೆಯಾಗಿ ಹಿಂದಿನ ಜಾಗದಲ್ಲಿ ಕರಗಿಹೋಗುತ್ತದೆ. ನಾವು ಉರುಟು ಮಾಡಲು ಕಲಿತದ್ದನ್ನೆಲ್ಲ ಹಕ್ಕಿ ಅಳಿಸಲು ಕಲಿತಿದೆ! ಥೇಯರ್ ಆಮೇಲೆ ಸ್ವಲ್ಪ ಅತಿ ಮಾಡಿದ. ರಾಜಹಂಸ ಗುಲಾಬಿ ಇರುವುದು ಸಂಜೆಯ ಆಕಾಶದಲ್ಲಿ ಬಚ್ಚಿಟ್ಟುಕೊಳ್ಳಲು ಅಂದ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅವನನ್ನು ಚೆನ್ನಾಗಿ ಜಾಡಿಸಿದರು. ಮೊದಲ ಮಾತು ಮಾತ್ರ ಗಟ್ಟಿಯಾಗಿ ನಿಂತಿತು.

ರೀವದ ಹೊಟ್ಟೆಗೆ ಬರೋಣ. ಅದು ಬಿಳಿ ಅಂತ ಎಲ್ಲ ಕಡೆ ಬರೆದಿದೆ. ನೀರಿನ ಮೇಲೆ ಹಾರುವಾಗ ನೋಡಿ. ಕೆಳಗಿನ ನೀರು ಹಸಿರು ನೀಲಿ, ಆ ಬೆಳಕು ಮೇಲಕ್ಕೆ ಬಡಿದು ಹೊಟ್ಟೆ ಹಸಿರು ನೀಲಿ. ಅದೇ ಹಕ್ಕಿ ನಡುಗಡ್ಡೆ ಮೇಲೆ ಬಂದ ತಕ್ಷಣ ಕೆಂಪು ಮಣ್ಣಿನ ಬೆಳಕಿಗೆ ಹೊಟ್ಟೆ ಕೆನೆ ಬಣ್ಣ. ಒಂದೇ ಹಕ್ಕಿ, ಮೂರು ಸೆಕೆಂಡಿನಲ್ಲಿ ಎರಡು ಬಣ್ಣ. ನೀರು ಬರೆಯದೆ ಆ ಹೊಟ್ಟೆ ಬರೆದರೆ ನೋಡಿದವರು ಹಕ್ಕಿಗೆ ಕಾಮಾಲೆ ಅಂತಾರೆ.

ಇನ್ನು ಬೆಳ್ಳಕ್ಕಿ. ಜಲವರ್ಣದಲ್ಲಿ ಹಳೇ ಪದ್ಧತಿಯವರು ಬಿಳಿ ಬಣ್ಣ ಮುಟ್ಟುವುದಿಲ್ಲ. ಹಾಳೆಯೇ ಬಿಳಿ. ಗೊರೂರು ಕಡೆ ನಾಟಿ ಸಮಯದಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಹಿಂಡು ಬರುತ್ತದಲ್ಲ, ಅದನ್ನು ಬರೆಯಬೇಕಾದರೆ ಏನು ಬರೆಯುತ್ತೀರಿ? ಕೆಸರು ಬರೆಯುತ್ತೀರಿ. ಬದು, ನಿಂತ ನೀರು, ಅದರಲ್ಲಿ ಬಿದ್ದ ಮೋಡ ಬರೆಯುತ್ತೀರಿ. ಹಕ್ಕಿ ಇರುವ ಕಡೆ ಬ್ರಶ್ ನಿಲ್ಲಿಸುತ್ತೀರಿ. ಗದ್ದೆ ಸರಿಯಾಗಿ ಬರೆದರೆ ಬೆಳ್ಳಕ್ಕಿ ತಾನಾಗಿ ಬಂದು ಕೂರುತ್ತದೆ. ಗದ್ದೆ ಕೆಟ್ಟರೆ ಹಾಳೆಯಲ್ಲಿ ಬರೀ ತೂತು.

ನಿಸರ್ಗಚಿತ್ರ ಕಲಿಯಲು ನಮ್ಮಲ್ಲೇ ದೊಡ್ಡವರಿದ್ದಾರೆ. ಬೆಂಗಳೂರಿಗೆ ಹೋದಾಗ ಮಾಲ್ ಒಂದು ಕಡಿಮೆ ಮಾಡಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಹುಡುಕಿಕೊಂಡು ಹೋಗಿ. ಕೆ. ವೆಂಕಟಪ್ಪ (1886–1965) ಊಟಿಯ ಮಂಜು ಬರೆದಿದ್ದಾರೆ. ನಮ್ಮ ಮುಳ್ಳಯ್ಯನಗಿರಿ ಮಂಜು ಬರೆಯಲು ಹೆಣಗಾಡಿದವರಿಗೆ ಅದರ ಬೆಲೆ ಗೊತ್ತು. ರುಮಾಲೆ ಚೆನ್ನಬಸವಯ್ಯ (1910–1988) ಬೀದಿಯಲ್ಲೇ ನಿಂತು ಬೆಂಗಳೂರಿನ ಹೂಬಿಟ್ಟ ಮರ ಬರೆದರು. ಆ ಮರಗಳಲ್ಲಿ ಎಷ್ಟು ಉಳಿದಿವೆಯೋ.

ಮರದ ಮಾತು ಬಂತು. ಮೂವತ್ತು ವರ್ಷದ ಹಿಂದೆ ಸಕಲೇಶಪುರದ ಕಡೆ ಬರೆದ ಒಂದು ತೋಟದ ಚಿತ್ರ ಇದೆ. ಅತ್ತಿ, ಬಸರಿ, ಹಲಸು, ಕೆಳಗೆ ಕಾಫಿ. ಹಸಿರಿನಲ್ಲಿ ಎಂಟು ಥರ ಕಲಸಿದ್ದೆ. ಹೋದ ವರ್ಷ ಅದೇ ಜಾಗದಲ್ಲಿ ಕೂತು ಬರೆದೆ. ಸಿಲ್ವರ್ ಓಕ್ ಮರದ ಸಾಲು, ಮೈಗೆ ಮೆಣಸಿನ ಬಳ್ಳಿ. ಎರಡು ಥರ ಹಸಿರು ಸಾಕಾಯಿತು. ತೋಟದವರನ್ನು ಬೈಯಲು ನಾನು ಯಾರು, ಬೆಲೆ ಬಿದ್ದಾಗ ಮರ ಮಾರಿ ಸಾಲ ತೀರಿಸಿದವರು ಅವರು. ಆದರೆ ಹಣ್ಣಿನ ಮರ ಹೋದ ಕಡೆ ಕುಟ್ರು ಹಕ್ಕಿ ಎಲ್ಲಿ ಕೂರಬೇಕು? ಮಂಗಟ್ಟೆ ಎಲ್ಲಿ ಬರಬೇಕು? ಹಕ್ಕಿ ಪಟ್ಟಿಯ ಚಿತ್ರದಲ್ಲಿ ಈ ವಿಷಯ ಕಾಣುವುದೇ ಇಲ್ಲ. ಬಿಳಿ ಹಾಳೆ ಮೇಲೆ ಮಂಗಟ್ಟೆ ಯಾವಾಗಲೂ ಸುಖವಾಗಿ ಕೂತಿರುತ್ತದೆ.

ಹಾಳೆ ಬಗ್ಗೆ ಒಂದು ಮಾತು, ಇದು ಮಲೆನಾಡಿನವರಿಗೆ ಮಾತ್ರ. 300 ಜಿಎಸ್‌ಎಂ ದಪ್ಪದ ಹತ್ತಿ ಹಾಳೆ ದುಬಾರಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿದರೆ ಬಣ್ಣ ಅಲ್ಲಲ್ಲಿ ಮಚ್ಚೆ ಮಚ್ಚೆ. ನಮ್ಮಮ್ಮ ನನ್ನ ಹಾಳೆಗಳನ್ನೆಲ್ಲ ಒಲೆ ಮೇಲಿನ ಅಟ್ಟಕ್ಕೆ ಹಾಕಿದರು, ಒಣಮೀನು, ಬಾಳ್ಕದ ಮೆಣಸಿನಕಾಯಿ ಜೊತೆಗೆ. ಬೂಷ್ಟು ಬರಲಿಲ್ಲ. ಹೊಗೆ ಹಿಡಿದು ಹಾಳೆ ಚಹಾ ಬಣ್ಣಕ್ಕೆ ತಿರುಗಿತು. ಮೊದಲು ರೇಗಾಡಿದೆ. ಆಮೇಲೆ ನೋಡಿದರೆ ಮಂಜಿನ ಚಿತ್ರಕ್ಕೆ ಅರ್ಧ ಕೆಲಸ ಹೊಗೆಯೇ ಮಾಡಿಕೊಟ್ಟಿತ್ತು. ಹೊಗೆಯ ಹಾಳೆ ಬಾಳಿಕೆಗೆ ಒಳ್ಳೆಯದಲ್ಲ, ಅದೂ ಗೊತ್ತು. ಸ್ಕೆಚ್ಚಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಒಬ್ಬರು ಕೊಂಡವರು ಫೋನ್ ಮಾಡಿ, "ಚಿತ್ರಕ್ಕೆ ಯಾಕೋ ಮೀನಿನ ವಾಸನೆ ಬರುತ್ತೆ ಸರ್" ಅಂದರು. ಮಿಂಚುಳ್ಳಿ ಚಿತ್ರ, ಇನ್ನೇನು ಬರುತ್ತೆ ಅಂದೆ.

ಸರಿ, ಮೂರನೇ ಸಾಲಿನವನೇ, ಬಾ ಇಲ್ಲಿ. ಈ ಹಾಳೆ ನೋಡು. ಲಕ್ಕವಳ್ಳಿ ನೀರು. ಇಲ್ಲಿ ಕೆಂಪು ಮಣ್ಣಿನ ದಂಡೆ, ಅಲ್ಲಿ ದೂರದ ಗುಡ್ಡ, ನೀಲಿ ಜಾಸ್ತಿ. ಮಾವನ ಲೆಕ್ಕದಲ್ಲೇ ಹಿಂದಿಂದ ಬಂದಿದ್ದೀನಿ.

"ಹಕ್ಕಿ ಎಲ್ಲಿ ಸರ್?" ಅಂದ.

ಇಲ್ಲೇ ನೋಡು, ನೀರಿನ ಮಧ್ಯೆ ಬಿಟ್ಟಿದ್ದೀನಲ್ಲ, ಈ ಖಾಲಿ ಜಾಗ. ಹೊಟ್ಟೆ ಆಗಿದೆ. ಕಪ್ಪು ಟೋಪಿ ಒಂದು, ಕೊಕ್ಕಿನ ಹಳದಿ ಒಂದು ಬಾಕಿ. ಕಣ್ಣು ಆ ಟೋಪಿಯ ಕಪ್ಪಿನಲ್ಲೇ ಮುಳುಗಿರುತ್ತೆ, ಅದು ಕೊನೇದು. ಹಳದಿ ಎಷ್ಟು ಹಾಕಬೇಕು ಅಂತ ಸ್ಕೆಚ್ಚಿನಲ್ಲಿ ಗುರುತು ಹಾಕಿದ್ದೆ, ದೋಣಿಯಲ್ಲಿ ನೀರು ಎರಚಿ ಅಳಿಸಿಹೋಗಿದೆ. ಏಪ್ರಿಲ್‌ನಲ್ಲಿ ನೀರು ಇಳಿದ ಮೇಲೆ ಇನ್ನೊಂದು ಸಲ ಹೋಗಬೇಕು. ಬರ್ತೀಯಾ?